ಸೋತ ತಂಡದ ಗುರು: ಕಬಡ್ಡಿ ತರಬೇತುದಾರನ ಹೊಣೆಯನ್ನು ಕುರಿತ ವಿಜಯಪುರ ಸೀಮೆಯ ವಾದವೊಂದರ ವಿವೇಚನೆ

ತಂಡವೊಂದು ಹೀನಾಯವಾಗಿ ಸೋತಾಗ ಅದರ ತರಬೇತುದಾರನು ಉಳಿಯಬೇಕೆ ಅಳಿಯಬೇಕೆ ಎಂದು ಅಭಿಮಾನಿಗಳು ನಡೆಸುವ ವಾದವನ್ನು ಕ್ರೀಡಾಸಮಾಜಶಾಸ್ತ್ರದ ವಿದ್ವಾಂಸರು ಬಹುಮಟ್ಟಿಗೆ ಸಮೂಹದ ಕೋಪದ ಒಂದು ರೂಪವೆಂದೇ ಭಾವಿಸಿಕೊಂಡು ಬಂದಿದ್ದಾರೆ. ಆ ವಾದದೊಳಗೆ ಹೊಣೆಯ ವಿಚಾರವಾಗಿ ಒಂದು ಸುಸಂಗತವಾದ ನ್ಯಾಯದೃಷ್ಟಿ ಅಡಗಿರಬಹುದೆಂಬ ಸಾಧ್ಯತೆಯನ್ನು ಅವರು ಗಂಭೀರವಾಗಿ ಪರಿಶೀಲಿಸಿದಂತೆ ತೋರುವುದಿಲ್ಲ. ಪ್ರೊ ಕಬಡ್ಡಿ ಲೀಗಿನ ಹನ್ನೊಂದನೆಯ ಆವೃತ್ತಿಯಲ್ಲಿ ಬೆಂಗಳೂರು ಬುಲ್ಸ್ ತಂಡವು ಕಟ್ಟಕಡೆಯ ಸ್ಥಾನಕ್ಕೆ ಇಳಿದ ಬಳಿಕ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲೂಕುಗಳ ಕಬಡ್ಡಿ ಪ್ರೇಮಿಗಳ ನಡುವೆ ಕೇಳಿಬಂದ ವಾದಗಳನ್ನು ಆಧಾರವಾಗಿ ಇಟ್ಟುಕೊಂಡು, ಆ ಸಾಧ್ಯತೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಆಟದ ಇತಿಹಾಸವನ್ನು ಕುರಿತು ಹೆಚ್ಚಿನ ವಿವಾದವಿಲ್ಲವಾದುದರಿಂದ ಅದನ್ನು ಸಂಗ್ರಹವಾಗಿ ಹೇಳಿದರೆ ಸಾಕು. ಕಬಡ್ಡಿಯು 1936ರ ಬರ್ಲಿನ್ ಒಲಿಂಪಿಕ್ ಸಂದರ್ಭದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರಿಂದ ಪ್ರದರ್ಶಿತವಾಯಿತು. 1950ರಲ್ಲಿ ಅಖಿಲ ಭಾರತ ಸಂಸ್ಥೆಯೊಂದನ್ನು ಪಡೆಯಿತು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಆಟವಾಯಿತು. 2014ರಲ್ಲಿ ಪ್ರೊ ಕಬಡ್ಡಿ ಲೀಗಿನ ಮೂಲಕ ದೂರದರ್ಶನದ ಆಟವಾಯಿತು. 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ವಿಜಯಪುರ ಸೀಮೆಗೆ ಮರಾಠಿ ನಾಡಿನ ಕಬಡ್ಡಿಯಾದ ಹುತುತುವಿನ ಪರಿಚಯವೂ ಇತ್ತು, ಜಾತ್ರೆಯ ಕುಸ್ತಿಯ ಪರಂಪರೆಯೂ ಇತ್ತು. ಇಂದಿಗೂ ಇಂಡಿಯವರಿಗೆ ಬೆಂಗಳೂರಿಗಿಂತ ಪುಣೆ ಹತ್ತಿರ. ಆದರೂ ಇಲ್ಲಿಯ ಪ್ರೇಕ್ಷಕರಲ್ಲಿ ಅನೇಕರು ತಮ್ಮದೆಂದು ಭಾವಿಸುವುದು ಐದುನೂರು ಕಿಲೋಮೀಟರಿಗೂ ಆಚೆ ಇರುವ ರಾಜಧಾನಿಯ ಹೆಸರು ಹೊತ್ತ ತಂಡವನ್ನೇ.

ತರಬೇತುದಾರನ ಬದಲಾವಣೆಯನ್ನು ಕುರಿತ ಶಾಸ್ತ್ರೀಯ ಚರ್ಚೆ ಅಮೆರಿಕದ ಬೇಸ್‌ಬಾಲಿನಿಂದ ಆರಂಭವಾಯಿತು. 1963ರಲ್ಲಿ ಆಸ್ಕರ್ ಗ್ರಸ್ಕಿಯು ಹದಿನಾರು ವೃತ್ತಿಪರ ತಂಡಗಳ ದಾಖಲೆಗಳನ್ನು ಪರಿಶೀಲಿಸಿ, ವ್ಯವಸ್ಥಾಪಕನನ್ನು ಮೇಲಿಂದ ಮೇಲೆ ಬದಲಿಸುವ ತಂಡಗಳೇ ಕೆಳಗಿನ ಸ್ಥಾನಗಳಲ್ಲಿ ಇರುತ್ತವೆಂದೂ, ಸೋಲು ಬದಲಾವಣೆಯನ್ನೂ ಬದಲಾವಣೆ ಸೋಲನ್ನೂ ಪರಸ್ಪರ ಪೋಷಿಸುತ್ತವೆಂದೂ ಪ್ರತಿಪಾದಿಸಿದನು. ಮರುವರ್ಷವೇ ವಿಲಿಯಂ ಗ್ಯಾಮ್ಸನ್ ಮತ್ತು ನಾರ್ಮನ್ ಸ್ಕಾಚ್ ಇದನ್ನು ವಿರೋಧಿಸಿ, ತಂಡದ ಫಲಿತಾಂಶದಲ್ಲಿ ವ್ಯವಸ್ಥಾಪಕನ ಪಾತ್ರ ಅಲ್ಪವೆಂದೂ, ಅವನನ್ನು ಹೊರಹಾಕುವುದು ಅಭಿಮಾನಿಗಳ ಅಸಮಾಧಾನವನ್ನು ಶಮನಗೊಳಿಸುವ ಬಲಿಪಶುವಿನ ವಿಧಿಯೆಂದೂ ವಾದಿಸಿದರು. ಮುಂದಿನ ಚರ್ಚೆಯ ಬಹುಭಾಗ ಈ ಎರಡು ನಿಲುವುಗಳ ನಡುವೆಯೇ ತೂಗಾಡಿದೆ. ಪ್ರಸ್ತುತ ಲೇಖಕನ ಭಿನ್ನಾಭಿಪ್ರಾಯವಿರುವುದು ಎರಡನೆಯ ನಿಲುವಿನೊಡನೆ, ಅದರಲ್ಲಿಯೂ ಅಭಿಮಾನಿಯನ್ನು ಕುರಿತ ಅದರ ಕಲ್ಪನೆಯೊಡನೆ.

ಮೊದಲು ಸಂಗತಿಗಳನ್ನು ನೋಡೋಣ. ರಣಧೀರ್ ಸಿಂಗ್ ಸೆಹ್ರಾವತ್ ಅವರು ಲೀಗಿನ ಆರಂಭದಿಂದ ಹನ್ನೊಂದನೆಯ ಆವೃತ್ತಿಯವರೆಗೆ ಬುಲ್ಸ್ ತಂಡದ ತರಬೇತುದಾರರಾಗಿದ್ದರು. ಒಂದೇ ತಂಡದೊಡನೆ ಇಷ್ಟು ದೀರ್ಘವಾದ ಸಂಬಂಧ ಈ ಲೀಗಿನಲ್ಲಿ ಅಪೂರ್ವ. ಆ ಅವಧಿಯಲ್ಲಿ ತಂಡವು 2015ರಲ್ಲಿ ಅಂತಿಮ ಪಂದ್ಯವನ್ನು ಮುಟ್ಟಿ ಯು ಮುಂಬಾಕ್ಕೆ ಸೋತಿತು; 2019ರ ಜನವರಿ 5ರಂದು ಮುಂಬಯಿಯಲ್ಲಿ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿ ಪ್ರಶಸ್ತಿಯನ್ನು ಗೆದ್ದಿತು. ಆ ಪಂದ್ಯದಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಅಂಕಗಳನ್ನು ತಂದನು. ಹತ್ತನೆಯ ಆವೃತ್ತಿಯಲ್ಲಿ ತಂಡವು ಪ್ಲೇ ಆಫ್ ತಲುಪಲಿಲ್ಲ. ಹನ್ನೊಂದನೆಯ ಆವೃತ್ತಿಯು 2024ರ ಅಕ್ಟೋಬರ್ 18ರಂದು ಹೈದರಾಬಾದಿನಲ್ಲಿ ಆರಂಭವಾದಾಗ, ಮೊದಲ ಪಂದ್ಯದಲ್ಲಿಯೇ ಬುಲ್ಸ್ ತಂಡವು ತೆಲುಗು ಟೈಟನ್ಸ್‌ಗೆ 37–29ರಿಂದ ಸೋತಿತು. ಎದುರಾಳಿಯ ನಾಯಕನಾಗಿದ್ದವನು ಅದೇ ಪವನ್. ಒಟ್ಟು 22 ಪಂದ್ಯಗಳಲ್ಲಿ ಗೆದ್ದದ್ದು 2, ಸೋತದ್ದು 19, ಸಮವಾದದ್ದು 1. ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ.

ಈ ಸೋಲಿನ ಮೇಲೆ ಹುಟ್ಟಿದ ವಾದದ ಎರಡು ಪಕ್ಷಗಳನ್ನು ವಿಜಯಪುರ ಸೀಮೆಯ ಮಾತಿನಲ್ಲಿಯೇ ಸಂಕ್ಷೇಪಿಸುವುದಾದರೆ, ‘ಮಂದೀನೇ ಸುಮಾರ ಇದ್ರ ಕೋಚ್ ಏನ್ ಮಾಡ್ತಾನ್ರೀ?’ ಎಂಬುದು ಉಳಿಸಬೇಕೆನ್ನುವವರ ಪ್ರಶ್ನೆ. ‘ಆ ಮಂದೀನ ಆರಿಸ್ದಾಂವ ಯಾರ್ರೀ?’ ಎಂಬುದು ಬದಲಿಸಬೇಕೆನ್ನುವವರ ಮರುಪ್ರಶ್ನೆ. ಮೇಲ್ನೋಟಕ್ಕೆ ಇವು ಒಂದನ್ನೊಂದು ಖಂಡಿಸುವ ಮಾತುಗಳಾಗಿ ತೋರಿದರೂ, ಇವೆರಡರ ತಳದಲ್ಲಿಯೂ ಒಂದೇ ಪ್ರಮೇಯವಿರುವುದನ್ನು ಗಮನಿಸಬೇಕು: ಆಟಗಾರರನ್ನು ಆರಿಸುವ ಅಧಿಕಾರವಿದ್ದವನಿಗೆ ಮಾತ್ರ ಸೋಲಿನ ಹೊಣೆ ಸಲ್ಲುತ್ತದೆ. ಮೊದಲ ಪಕ್ಷವು ತರಬೇತುದಾರನಿಗೆ ಆ ಅಧಿಕಾರ ಪೂರ್ಣವಾಗಿರಲಿಲ್ಲವೆಂದು ಭಾವಿಸಿ ಅವನನ್ನು ಹೊಣೆಯಿಂದ ಬಿಡಿಸುತ್ತದೆ. ಎರಡನೆಯದು ಇತ್ತೆಂದು ಭಾವಿಸಿ ಅವನನ್ನು ಹೊಣೆಗಾರನನ್ನಾಗಿ ಮಾಡುತ್ತದೆ. ಭೇದವಿರುವುದು ಸಂಗತಿಯ ನಿರ್ಣಯದಲ್ಲಿ. ನ್ಯಾಯದ ಸೂತ್ರದಲ್ಲಿ ಅಲ್ಲ.

ಬಲಿಪಶುವಿನ ಸಿದ್ಧಾಂತಕ್ಕೆ ತೊಡಕಾಗುವುದು ಈ ಅಂಶವೇ. ಬಲಿಪಶುವಿನ ಲಕ್ಷಣವೆಂದರೆ ಅವನ ನಿಜವಾದ ಅಪರಾಧವು ಅಪ್ರಸ್ತುತವಾಗಿರುವುದು. ಅವನು ಮಾಡಿದನೆ ಇಲ್ಲವೆ ಎಂದು ಯಾರೂ ವಿಚಾರಿಸುವುದಿಲ್ಲ, ಅವನು ಕೈಗೆ ಸಿಕ್ಕಿದರೆ ಸಾಕು. ಇಲ್ಲಿಯಾದರೋ ವಾದದ ಸಮಸ್ತ ಶಕ್ತಿಯೂ ವ್ಯಯವಾಗುವುದು ಆ ವಿಚಾರಣೆಯಲ್ಲಿಯೇ. 2024ರ ಆಗಸ್ಟ್ ತಿಂಗಳ ಹರಾಜಿನಲ್ಲಿ ಪ್ರತಿಯೊಂದು ತಂಡಕ್ಕೂ ನಿಗದಿಯಾಗಿದ್ದ ಹಣದ ಮಿತಿ 5 ಕೋಟಿ ರೂಪಾಯಿ. ಬುಲ್ಸ್ ತಂಡವು ಅಜಿಂಕ್ಯ ಪವಾರ್‌ಗೆ 1.107 ಕೋಟಿಯನ್ನೂ ಪ್ರದೀಪ್ ನರ್ವಾಲ್‌ಗೆ 70 ಲಕ್ಷವನ್ನೂ ಕೊಟ್ಟಿತು. ಎಂದರೆ ಮಿತಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನ ಹಣ ಇಬ್ಬರು ರೈಡರುಗಳ ಮೇಲೆ ನಿಂತಿತು. ಅದೇ ಹರಾಜಿನಲ್ಲಿ, ಹಿಂದಿನ ಆವೃತ್ತಿಗಳಲ್ಲಿ ಬುಲ್ಸ್ ತಂಡದ ಪ್ರಮುಖ ರೈಡರ್ ಆಗಿದ್ದ ಭರತ್‌ನನ್ನು ಯು.ಪಿ. ಯೋಧಾಸ್ 1.30 ಕೋಟಿಗೆ ಕೊಂಡಿತು. ಪ್ರದೀಪ್ ನರ್ವಾಲ್ 2015ರಲ್ಲಿ ಇದೇ ತಂಡದಿಂದ ಲೀಗನ್ನು ಪ್ರವೇಶಿಸಿ, ಪಟ್ನಾ ಪೈರೇಟ್ಸ್ ತಂಡದಲ್ಲಿ ಮೂರು ಪ್ರಶಸ್ತಿಗಳನ್ನು ಕಂಡು, ಈಗ ನಾಯಕನಾಗಿ ಮರಳಿ ಬಂದವನು. ಕೊಂಡವರಲ್ಲಿ ಯಾರು, ಕೈಬಿಟ್ಟವರಲ್ಲಿ ಯಾರು, ಹಣ ಎತ್ತ ಹರಿಯಿತು ಎಂದು ಲೆಕ್ಕ ಹಾಕುವವರನ್ನು ಅಂಧಕ್ರೋಧದ ಸಮೂಹವೆಂದು ಕರೆಯುವುದು ಸಮಂಜಸವಾಗಲಾರದು.

ಹಾಗಾದರೆ ಆಯ್ಕೆಯ ಹೊಣೆ ನಿಜಕ್ಕೂ ತರಬೇತುದಾರನದೆ? ವಿವಾದದ ಕೇಂದ್ರಬಿಂದು ಇದಾದುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಬದಲಾವಣೆಯ ಪಕ್ಷಕ್ಕೆ ಅನುಕೂಲವಾದ ಪ್ರಬಲ ಸಾಕ್ಷ್ಯವನ್ನು ವಿಚಿತ್ರವೆಂಬಂತೆ ಉಳಿಸಬೇಕೆನ್ನುವವರೇ ಒದಗಿಸುತ್ತಾರೆ. ರಣಧೀರ್ ಸಿಂಗ್ ಅವರ ಪರವಾಗಿ ಹೇಳುವ ಮೊದಲ ಮಾತು, ಅವರು ಹೆಸರಿಲ್ಲದ ತರುಣರನ್ನು ಗುರುತಿಸಿ ಬೆಳೆಸಿದರೆಂಬುದು. ಪವನ್ ಸೆಹ್ರಾವತ್‌ನೇ ಅದರ ಶ್ರೇಷ್ಠ ನಿದರ್ಶನ. ಮುಂದೆ ಹರಾಜಿನಲ್ಲಿ 2 ಕೋಟಿ 60 ಲಕ್ಷ ರೂಪಾಯಿಗೂ ಮೀರಿದ ಬೆಲೆ ಪಡೆದ ಆಟಗಾರನನ್ನು ಎಳೆಯ ವಯಸ್ಸಿನಲ್ಲಿಯೇ ಕಂಡುಕೊಂಡ ಕೀರ್ತಿ ಗುರುವಿನದೆಂದು ಒಪ್ಪಿದ ಮೇಲೆ, ತಪ್ಪಾದ ಆಯ್ಕೆಯ ಅಪಕೀರ್ತಿಯನ್ನು ಮಾತ್ರ ತಂಡದ ಒಡೆಯರ ತಲೆಗೆ ಕಟ್ಟುವುದು ನ್ಯಾಯವಲ್ಲವೆಂಬ ಆಕ್ಷೇಪಕ್ಕೆ ಉತ್ತರ ಹೇಳುವುದು ಕಷ್ಟ.

ಉಳಿಸಬೇಕೆನ್ನುವ ಪಕ್ಷವು ಇದಕ್ಕೆ ಎರಡು ಸಮಾಧಾನಗಳನ್ನು ನೀಡಬಲ್ಲುದು, ಎರಡೂ ವಿಚಾರಾರ್ಹವಾದುವು. ಒಂದನೆಯದು, ಹರಾಜಿನಲ್ಲಿ ಆಯ್ಕೆಯೆಂಬುದು ಒಬ್ಬನ ಇಚ್ಛೆಯಲ್ಲ. ಎದುರಾಳಿ ತಂಡಗಳು ಬೆಲೆಯನ್ನು ಏರಿಸುತ್ತವೆ, ಒಡೆಯರು ಮಿತಿಯನ್ನು ಹಾಕುತ್ತಾರೆ, ಬೇಕೆಂದವನು ದೊರೆಯದೆ ಹೋದಾಗ ದೊರೆತವನನ್ನು ಕಟ್ಟಿಕೊಂಡು ಆಡಬೇಕಾಗುತ್ತದೆ. ಎರಡನೆಯದು, ಗುರುವನ್ನು ಅಳೆಯಬೇಕಾದುದು ಒಂದು ಆವೃತ್ತಿಯಿಂದಲ್ಲ, ಅವನ ಒಟ್ಟು ಆಯುಸ್ಸಿನಿಂದ. ಈ ಎರಡನೆಯ ಸಮಾಧಾನಕ್ಕೆ ಅಂಕಿಗಳ ಬೆಂಬಲವಿದೆ. ಮೊದಲನೆಯ, ಎರಡನೆಯ, ಆರನೆಯ, ಏಳನೆಯ, ಎಂಟನೆಯ ಮತ್ತು ಒಂಬತ್ತನೆಯ ಆವೃತ್ತಿಗಳಲ್ಲಿ, ಎಂದರೆ 11ರಲ್ಲಿ 6 ಬಾರಿ, ಬುಲ್ಸ್ ತಂಡವು ಉಪಾಂತ್ಯದ ನಾಲ್ಕು ತಂಡಗಳಲ್ಲಿ ಒಂದಾಗಿತ್ತು. ಇಂತಹ ಸಾಧನೆಯನ್ನು 2024ರ ಎರಡೂವರೆ ತಿಂಗಳುಗಳು ಅಳಿಸಿಹಾಕುತ್ತವೆಯೆ ಎಂಬುದು ಭಾವುಕತೆಯ ಪ್ರಶ್ನೆಯಲ್ಲ, ಪ್ರಮಾಣದ ಪ್ರಶ್ನೆ.

ಇನ್ನು ಈ ಲೇಖನದ ಮುಖ್ಯ ಪ್ರತಿಪಾದನೆಗೆ ಬರಬಹುದು. ಆಯ್ಕೆಯ ಅಧಿಕಾರವನ್ನೂ ಸೋಲಿನ ಹೊಣೆಯನ್ನೂ ಬೇರ್ಪಡಿಸಲಾಗದಂತೆ ಬೆಸೆಯುವ ಈ ನ್ಯಾಯಸೂತ್ರವು, ದೂರದರ್ಶನದ ಲೀಗಿನಿಂದ ಕಲಿತದ್ದಾಗಿರದೆ, ಈ ಸೀಮೆಯ ಗರಡಿಯ ಸಂಪ್ರದಾಯದಿಂದ ಬಂದುದಾಗಿರಬಹುದೆಂದು ನನಗೆ ತೋರುತ್ತದೆ. ಗರಡಿಯಲ್ಲಿ ಹುಡುಗನನ್ನು ಸೇರಿಸಿಕೊಳ್ಳುವವನು ವಸ್ತಾದ. ಸಾಮು ಮಾಡಿಸುವವನು, ಆಹಾರವನ್ನು ನಿಯಮಿಸುವವನು ವಸ್ತಾದ. ಜಾತ್ರೆಯ ಕಣದಲ್ಲಿ ಯಾರೊಡನೆ ಜೋಡಿ ಒಪ್ಪಬೇಕು, ಯಾರೊಡನೆ ಒಪ್ಪಬಾರದು ಎಂದು ತೀರ್ಮಾನಿಸುವವನೂ ವಸ್ತಾದನೇ. ಅಧಿಕಾರವೆಲ್ಲ ಒಬ್ಬನಲ್ಲಿಯೇ ಇರುವುದರಿಂದ ಪೈಲವಾನನ ಸೋಲು ಗುರುವಿನ ಸೋಲಾಗುತ್ತದೆ; ಅದನ್ನು ಹಾಗೆ ಕಾಣುವುದರಲ್ಲಿ ಗುರುವಿಗೆ ಅವಮಾನವಿಲ್ಲ, ಅವನ ಸ್ಥಾನದ ಅಂಗೀಕಾರವಿದೆ. ಕಾಶಿಯ ಅಖಾಡಗಳನ್ನು ಅಭ್ಯಸಿಸಿ 1992ರಲ್ಲಿ ಗ್ರಂಥವನ್ನು ಪ್ರಕಟಿಸಿದ ಜೋಸೆಫ್ ಆಲ್ಟರ್, ಗುರುಶಿಷ್ಯರ ಸಂಬಂಧವು ಪೈಲವಾನನ ಇಡೀ ಜೀವನಕ್ರಮವನ್ನೇ ಆವರಿಸುವುದೆಂದು ತೋರಿಸಿರುವುದು ಈ ಊಹೆಗೆ ಪೋಷಕವಾಗಿದೆ.

ಆದರೆ ಈ ಪ್ರತಿಪಾದನೆಗೆ ಇರುವ ಮಿತಿಗಳನ್ನು ಸ್ಪಷ್ಟವಾಗಿ ಹೇಳದೆ ಮುಂದುವರಿಯುವುದು ಸಲ್ಲದು. ಆಲ್ಟರ್ ವರ್ಣಿಸಿದುದು ಕಾಶಿಯನ್ನು, ಇಂಡಿ ಸಿಂದಗಿಗಳನ್ನಲ್ಲ. ಉತ್ತರದ ಅಖಾಡಕ್ಕೂ ನಮ್ಮ ಗರಡಿಗೂ ಸಾಮ್ಯ ಬಹಳವಿದ್ದರೂ ತಾದಾತ್ಮ್ಯವಿಲ್ಲ. ಸಾಮ್ಯವನ್ನು ಕಂಡ ಮಾತ್ರಕ್ಕೆ ಜನ್ಯಜನಕ ಸಂಬಂಧವನ್ನು ಸಾಧಿಸಿದಂತೆಯೂ ಆಗುವುದಿಲ್ಲ: ಒಕ್ಕಲುತನದಲ್ಲಿ ಬೀಜವನ್ನು ಆರಿಸಿದವನೇ ಬೆಳೆಯ ಲಾಭನಷ್ಟಕ್ಕೆ ಒಳಗಾಗುವ ನಾಡಿನಲ್ಲಿ ಇಂತಹ ನ್ಯಾಯವು ಗರಡಿಯ ನೆರವಿಲ್ಲದೆಯೂ ಹುಟ್ಟಬಹುದು. ಗರಡಿಯನ್ನು ಎಂದೂ ಮೆಟ್ಟದ, ಕ್ರಿಕೆಟ್ ಹರಾಜುಗಳನ್ನು ನೋಡಿಯೇ ಬೆಳೆದ ತರುಣರೂ ಇದೇ ವಾದವನ್ನು ಹೂಡಬಲ್ಲರು. ಆದಕಾರಣ ನನ್ನ ಮಾತನ್ನು ಇಷ್ಟಕ್ಕೆ ಸೀಮಿತಗೊಳಿಸುತ್ತೇನೆ: ಗರಡಿಯು ಈ ನ್ಯಾಯದ ಏಕಮಾತ್ರ ಮೂಲವೆಂದಲ್ಲ, ಅದನ್ನು ಈ ಸೀಮೆಯಲ್ಲಿ ಸಹಜವೆನ್ನಿಸುವಂತೆ ಮಾಡಿದ ಕಾರಣಗಳಲ್ಲಿ ಒಂದೆಂದು ಭಾವಿಸಲು ಅವಕಾಶವಿದೆ.

ಮುಂದಿನ ಆವೃತ್ತಿಯ ಫಲಿತಾಂಶವು ಈ ವಿವಾದವನ್ನು ಬಗೆಹರಿಸಿತೆಂದು ಯಾರಾದರೂ ಹೇಳಬಹುದು. 2025ರಲ್ಲಿ ಬುಲ್ಸ್ ತಂಡವು ಬಿ.ಸಿ. ರಮೇಶ್ ಅವರನ್ನು ಮುಖ್ಯ ತರಬೇತುದಾರರನ್ನಾಗಿ ತಂದಿತು. ಕರ್ನಾಟಕದವರೇ ಆದ ರಮೇಶ್ ಅರ್ಜುನ ಪ್ರಶಸ್ತಿ ಪುರಸ್ಕೃತರು. ಏಳನೆಯ ಆವೃತ್ತಿಯಲ್ಲಿ ಬೆಂಗಾಲ್ ವಾರಿಯರ್ಸ್ ತಂಡವನ್ನೂ ಹತ್ತನೆಯದರಲ್ಲಿ ಪುಣೇರಿ ಪಲ್ಟನ್ ತಂಡವನ್ನೂ ಪ್ರಶಸ್ತಿಗೆ ಒಯ್ದವರು. ಅವರ ಕೈಕೆಳಗೆ ತಂಡವು ಲೀಗ್ ಹಂತದ 18 ಪಂದ್ಯಗಳಲ್ಲಿ 11ನ್ನು ಗೆದ್ದು ಮೊದಲ ನಾಲ್ಕರೊಳಗೆ ಬಂದಿತು; ಕಿರೀಟ ಮಾತ್ರ ದಕ್ಕಲಿಲ್ಲ. ಬದಲಾವಣೆಯ ಪಕ್ಷಕ್ಕೆ ಇದು ಜಯವೆಂದು ತೋರುವುದು ಸ್ವಾಭಾವಿಕ.

ಆದರೆ ಈ ಸಾಕ್ಷ್ಯವನ್ನು ಅಷ್ಟು ಸುಲಭವಾಗಿ ಸ್ವೀಕರಿಸಲಾಗದು. ಗುರುವಿನೊಡನೆ ತಂಡವೂ ಬಹುತೇಕ ಹೊಸದಾಯಿತು. ಯೋಗೇಶ್, ದೀಪಕ್ ಶಂಕರ್ ಮೊದಲಾದ ರಕ್ಷಣಾ ಆಟಗಾರರೂ ಇರಾನಿನ ಅಲಿರೆಜಾ ಮಿರ್ಜಾಯಿಯನ್‌ನಂತಹ ರೈಡರೂ ಬಂದರು. ಇವುಗಳಲ್ಲಿ ಯಾವುದರ ಫಲ ಎಷ್ಟೆಂದು ವಿಂಗಡಿಸಲು ಉಪಾಯವಿಲ್ಲ. ಕುಸಿದ ತಂಡವು ತಾನಾಗಿಯೂ ಚೇತರಿಸಿಕೊಳ್ಳಬಹುದೆಂಬ ಗ್ಯಾಮ್ಸನ್ ಮತ್ತು ಸ್ಕಾಚರ ಎಚ್ಚರಿಕೆ ಇಲ್ಲಿ ಸಾರ್ಥಕವಾಗಿದೆ; ಅಭಿಮಾನಿಯನ್ನು ಕುರಿತು ಅವರೊಡನೆ ಭಿನ್ನಾಭಿಪ್ರಾಯವಿದ್ದರೂ ಈ ಅಂಶದಲ್ಲಿ ಅವರನ್ನು ಒಪ್ಪಲೇಬೇಕು. ಮೊದಲ ನಾಲ್ಕರ ಸ್ಥಾನವು 11ರಲ್ಲಿ 6 ಬಾರಿ ಈ ತಂಡಕ್ಕೆ ದೊರೆತುದೆಂಬುದನ್ನು ನೆನೆದರೆ, 2025ರ ಏರಿಕೆಯು ಹೊಸ ಸಾಧನೆಯಾಗಿರುವಂತೆಯೇ ಹಳೆಯ ನೆಲೆಗೆ ಹಿಂದಿರುಗಿದುದೂ ಆಗಿರಬಹುದು. ಇದಕ್ಕೂ ಮಿಗಿಲಾಗಿ, 2019ರ ಪ್ರಶಸ್ತಿಯ ಕಾಲದಲ್ಲಿ ರಮೇಶ್ ಅವರು ಇದೇ ತಂಡದ ತರಬೇತಿ ಬಳಗದಲ್ಲಿದ್ದರು. ತಂಡದ ಏಕಮಾತ್ರ ಕಿರೀಟವು ಹೋದ ಗುರುವಿಗೂ ಬಂದ ಗುರುವಿಗೂ ಹಂಚಿಕೆಯಾಗಿರುವಾಗ, ಅದನ್ನು ಒಬ್ಬರ ವಿರುದ್ಧ ಇನ್ನೊಬ್ಬರ ಪ್ರಮಾಣಪತ್ರವಾಗಿ ಬಳಸುವಂತಿಲ್ಲ.

ಫಲಿತಾಂಶವು ತೀರ್ಪಾಗಲಾರದೆಂಬ ಈ ಸಂಗತಿಯೇ ವಾದದ ಮೌಲ್ಯವನ್ನು ಹೆಚ್ಚಿಸುತ್ತದೆ. ಅಂಕಪಟ್ಟಿಯು ಹೇಳಲಾರದುದನ್ನು, ಎಂದರೆ ಯಾರಿಗೆ ಎಷ್ಟು ಅಧಿಕಾರವಿತ್ತು ಮತ್ತು ಅದಕ್ಕೆ ತಕ್ಕ ಹೊಣೆ ಎಷ್ಟು ಎಂಬುದನ್ನು, ಅಭಿಮಾನಿಗಳು ಮಾತಿನಿಂದ ನಿರ್ಣಯಿಸಲು ಯತ್ನಿಸುತ್ತಾರೆ. ಆ ಯತ್ನದಲ್ಲಿ ಕೋಪವಿಲ್ಲವೆಂದು ನಾನು ಹೇಳುತ್ತಿಲ್ಲ. ಕೋಪವು ಕಾರಣವನ್ನು ಕೇಳುತ್ತಿದೆಯೆಂದು ಮಾತ್ರ ಹೇಳುತ್ತಿದ್ದೇನೆ. ಸೋತ ಗುರುವಿನ ವಿಷಯದಲ್ಲಿ ಕಾರಣವನ್ನು ಕೇಳುವ ಜನರಿಗೆ ವಿದ್ವಾಂಸರಿಂದಲೂ ಗೌರವ ಸಲ್ಲಬೇಕು.

ಎರಡು ಪ್ರಶ್ನೆಗಳು ಮುಂದಿನ ಸಂಶೋಧನೆಗೆ ಉಳಿಯುತ್ತವೆ. ಗರಡಿ ಇನ್ನೂ ಜೀವಂತವಾಗಿರುವ ಊರುಗಳಲ್ಲಿಯೂ ಅದು ಮುಚ್ಚಿಹೋದ ಊರುಗಳಲ್ಲಿಯೂ ಈ ವಾದದ ಸ್ವರೂಪ ಒಂದೇ ಆಗಿದೆಯೆ ಎಂಬುದು ಒಂದು. ಕುಸ್ತಿಗಿಂತ ಕಬಡ್ಡಿಯೇ ಮೊದಲಿನಿಂದ ಪ್ರಬಲವಾಗಿರುವ, ಲೀಗಿಗೆ ಸುಕೇಶ್ ಹೆಗ್ಡೆ, ಪ್ರಶಾಂತ್ ಕುಮಾರ್ ರೈ ಅವರಂತಹ ಆಟಗಾರರನ್ನು ಕೊಟ್ಟ ಕರಾವಳಿಯಲ್ಲಿ ಗುರುವಿನ ಹೊಣೆಯನ್ನು ಇದೇ ಸೂತ್ರದಿಂದ ಅಳೆಯುತ್ತಾರೆಯೆ ಎಂಬುದು ಇನ್ನೊಂದು. ಕರಾವಳಿಯಲ್ಲಿಯೂ ಇದೇ ಸೂತ್ರ ಕಂಡುಬಂದಲ್ಲಿ ಗರಡಿಯನ್ನು ಕುರಿತ ನನ್ನ ಊಹೆಯು ದುರ್ಬಲವಾಗುವುದು. ಆದರೆ ಅಭಿಮಾನಿಗಳ ವಾದವು ಬಲಿಯ ವಿಧಿಯಲ್ಲ, ಹೊಣೆಯ ವಿಚಾರಣೆ ಎಂಬ ಮುಖ್ಯ ನಿಲುವು ಆಗಲೂ ನಿಲ್ಲುವುದೆಂದು ನಂಬುತ್ತೇನೆ.