ಆಟದ ಪರದೆಯ ಮೇಲೆ ಇತಿಹಾಸ

ಬೆಂಗಳೂರಿನ ಬೈಯಪ್ಪನಹಳ್ಳಿಯ ಹೆಸರು ಇಂದು ಎಲ್ಲರ ಬಾಯಲ್ಲಿರುವುದು ಮೆಟ್ರೋ ರೈಲಿನಿಂದಾಗಿ. 2011ರ ಅಕ್ಟೋಬರ್ 20ರಂದು ನಗರದ ಮೊದಲ ಮೆಟ್ರೋ ಇಲ್ಲಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಓಡಿತು. ಅದಕ್ಕೆ ಮುಂಚೆ ಈ ಪ್ರದೇಶವನ್ನು ಜನ ಗುರುತಿಸುತ್ತಿದ್ದುದು 2002ರಲ್ಲಿ ಬಾಗಿಲು ಮುಚ್ಚಿದ ಎನ್‌ಜಿಇಎಫ್ ಕಾರ್ಖಾನೆಯಿಂದ. ಇವೆರಡಕ್ಕಿಂತಲೂ ಹಳೆಯದು ಪಕ್ಕದಲ್ಲೇ ಹಾದುಹೋಗುವ ಹಳೆ ಮದ್ರಾಸ್ ರಸ್ತೆ. ನಗರದ ಈ ಪೂರ್ವ ದಿಕ್ಕಿನಲ್ಲಿ 1791ರಲ್ಲಿ ಏನು ನಡೆಯಿತೆಂದು ನಮ್ಮ ಬಡಾವಣೆಯ ಹುಡುಗರನ್ನು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಆದರೆ 1191ರಲ್ಲಿ ದಮಾಸ್ಕಸ್‌ನ ಯಾವ ಗಲ್ಲಿಯಿಂದ ಯಾವ ಮಾಳಿಗೆಗೆ ಹಾರಬಹುದೆಂದು ಕೇಳಿ ನೋಡಿ, ಉತ್ತರ ಥಟ್ಟನೆ ಬರುತ್ತದೆ!

ಇದು 'ಅಸಾಸಿನ್ಸ್ ಕ್ರೀಡ್' ಎಂಬ ವೀಡಿಯೋ ಗೇಮ್ ಸರಣಿಯ ಪ್ರಭಾವ. ಫ್ರಾನ್ಸಿನ ಯೂಬಿಸಾಫ್ಟ್ ಕಂಪೆನಿ 2007ರಲ್ಲಿ ಇದರ ಮೊದಲ ಆಟವನ್ನು ಹೊರತಂದಿತು. ಮೂರನೇ ಶಿಲುಬೆ ಯುದ್ಧದ ಕಾಲದ ಜೆರುಸಲೇಮ್, ಅಕ್ಕಾ ಮತ್ತು ದಮಾಸ್ಕಸ್ ನಗರಗಳು ಅದರ ರಂಗಭೂಮಿ. ಅಲ್ತಾಯಿರ್ ಎಂಬ ಸಿರಿಯಾದ ಯುವಕ ಅದರ ನಾಯಕ. ಬಳಿಕ ಸರಣಿಯು ಫ್ಲಾರೆನ್ಸ್, ಇಸ್ತಾಂಬುಲ್, ಪ್ಯಾರಿಸ್, ಪ್ರಾಚೀನ ಈಜಿಪ್ಟ್, ಬಾಗ್ದಾದ್‌ಗಳನ್ನು ಸುತ್ತಿ 2025ರಲ್ಲಿ ಜಪಾನಿಗೆ ಬಂದು ತಲುಪಿತು. 20 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆಯೆಂದು ಕಂಪೆನಿಯು 2022ರಲ್ಲೇ ಹೇಳಿಕೊಂಡಿತ್ತು. ಇಷ್ಟೊಂದು ಜನರು ಇತಿಹಾಸದ ಹೆಸರಿನಲ್ಲಿ ನೋಡುತ್ತಿರುವುದು ಏನನ್ನು ಎಂದು ವಿಚಾರಿಸುವುದು ಅಗತ್ಯ.

ಮೊದಲೇ ಹೇಳಿಬಿಡುತ್ತೇವೆ, ನಾವು ಈ ಆಟಗಳ ವಿರೋಧಿಗಳಲ್ಲ. ಆಡಿದವರು, ಮೆಚ್ಚಿದವರು. ಹಾಲಿವುಡ್ ಚಿತ್ರಗಳಲ್ಲಿ ಅರಬನೆಂದರೆ ಒಂದೋ ಐಲುಪೈಲು ಶ್ರೀಮಂತ, ಇಲ್ಲವೇ ಭಯೋತ್ಪಾದಕ ಎಂಬಂತಿದ್ದ ದಿನಗಳಲ್ಲಿ, ಇರಾಕ್‌ನಲ್ಲಿ ಅಮೆರಿಕದ ಸೇನೆ ಬೀಡುಬಿಟ್ಟಿದ್ದ ಸಮಯದಲ್ಲಿ, ಅರಬ್ ಹೆಸರಿನ ನಾಯಕನೊಬ್ಬನನ್ನು ಜಗತ್ತಿನ ಮಕ್ಕಳು ತಮ್ಮವನೆಂದು ಭಾವಿಸಿ ಆಡಿದ್ದು ಸಣ್ಣ ಸಂಗತಿಯಲ್ಲ. 2023ರ 'ಮಿರಾಜ್' ಆಟವಂತೂ ಒಂಬತ್ತನೇ ಶತಮಾನದ ಬಾಗ್ದಾದನ್ನು ಕಣ್ಣಮುಂದೆ ನಿಲ್ಲಿಸಿತು. ಖಲೀಫ ಮನ್ಸೂರ್ 762ರಲ್ಲಿ ಅಡಿಪಾಯ ಹಾಕಿದ ಆ ವೃತ್ತಾಕಾರದ ನಗರದ ಕುರುಹು ಇಂದು ನೆಲದ ಮೇಲೆ ಉಳಿದಿಲ್ಲ. ಜ್ಞಾನಮಂದಿರ 'ಬೈತುಲ್ ಹಿಕ್ಮಾ'ದ ಬಗ್ಗೆ ನಾವು ಭಾಷಣಗಳಲ್ಲಿ ಕೇಳಿದ್ದೇವೆ, ಮಕ್ಕಳು ಅದರೊಳಗೆ ಹೋಗಿ ಬಂದರು. ಈಜಿಪ್ಟಿನ ಆಟಕ್ಕೆ 2018ರಲ್ಲಿ ಸೇರಿಸಿದ ಕತ್ತಿ-ಕಾಳಗವಿಲ್ಲದ 'ಡಿಸ್ಕವರಿ ಟೂರ್' ನಮ್ಮ ದೃಷ್ಟಿಯಲ್ಲಿ ಈ ಸರಣಿಯ ಅತ್ಯುತ್ತಮ ಕೆಲಸ. ಅದೊಂದು ವಸ್ತುಸಂಗ್ರಹಾಲಯದಂತಿದೆ.

ಆದರೆ ಕಲ್ಲು, ಕಮಾನು, ಮಿನಾರಗಳ ವಿಷಯದಲ್ಲಿ ತೋರಿದ ಶ್ರದ್ಧೆಯನ್ನು ಮನುಷ್ಯರ ವಿಷಯದಲ್ಲಿ ತೋರಲಾಗಿದೆಯೇ?

ಹೆಸರಿನ ಹಿಂದಿನ ಕಥೆ

'ಅಸಾಸಿನ್' ಎಂದರೆ ಇಂಗ್ಲಿಷಿನಲ್ಲಿ ಹೊಂಚುಹಾಕಿ ಕೊಲ್ಲುವವನು. ಈ ಪದ ಹುಟ್ಟಿದ್ದು ನಿಝಾರಿ ಇಸ್ಮಾಯೀಲಿಗಳೆಂಬ ಶಿಯಾ ಪಂಗಡಕ್ಕೆ ಅವರ ವಿರೋಧಿಗಳು ಇಟ್ಟ ಹೆಸರಿನಿಂದ. ಅವರ ನಾಯಕ ಹಸನ್ ಬಿನ್ ಸಬ್ಬಾಹ್ 1090ರಲ್ಲಿ ಇರಾನಿನ ಅಲಮೂತ್ ಕೋಟೆಯನ್ನು ವಶಪಡಿಸಿಕೊಂಡನು. ಪ್ರಬಲ ಸೆಲ್ಜುಕ್ ಸಾಮ್ರಾಜ್ಯದ ಎದುರು ಬಯಲಿನಲ್ಲಿ ನಿಲ್ಲುವಷ್ಟು ಸೈನ್ಯ ಅವರಲ್ಲಿರಲಿಲ್ಲ. ಆದ್ದರಿಂದ ಶತ್ರುಗಳ ಮುಖಂಡರನ್ನು ಗುರಿಯಿಟ್ಟು ಕೊಲ್ಲುವ ದಾರಿ ಹಿಡಿದರು. 1092ರಲ್ಲಿ ವಝೀರ್ ನಿಝಾಮುಲ್ ಮುಲ್ಕ್, 1192ರಲ್ಲಿ ಟೈರ್ ನಗರದಲ್ಲಿ ಶಿಲುಬೆ ಯೋಧರ ನಾಯಕ ಕಾನ್ರಾಡ್ ಅವರ ಕಠಾರಿಗೆ ಬಲಿಯಾದರೆಂದು ಇತಿಹಾಸ ಹೇಳುತ್ತದೆ. ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯವರ ಮೇಲೂ ಎರಡು ಬಾರಿ ದಾಳಿ ನಡೆಯಿತು. ಅವರು 1176ರಲ್ಲಿ ಸಿರಿಯಾದ ಮಸ್ಯಾಫ್ ಕೋಟೆಗೆ ಮುತ್ತಿಗೆ ಹಾಕಿ, ಬಳಿಕ ಅದನ್ನು ಹಿಂತೆಗೆದುಕೊಂಡರು. ಮೊದಲ ಆಟದ ನಾಯಕನ ನೆಲೆ ಇದೇ ಮಸ್ಯಾಫ್.

ಈ ಕೊಲೆಗಳನ್ನು ಸಮರ್ಥಿಸಬೇಕಾಗಿಲ್ಲ. ಆದರೆ ಇವರು ಹಶೀಶ್ ಸೇವಿಸಿ, ಕೋಟೆಯೊಳಗಿನ ಕೃತಕ ಸ್ವರ್ಗವನ್ನು ನಂಬಿ ಕೊಲೆಗೆ ಹೊರಡುತ್ತಿದ್ದರೆಂಬ ಕಥೆಯಿದೆಯಲ್ಲ, ಅದಕ್ಕೆ ಆಧಾರವೇನು? ಆ ಉದ್ಯಾನದ ಕಥೆಯನ್ನು ಯುರೋಪಿನಲ್ಲಿ ಪ್ರಸಿದ್ಧಗೊಳಿಸಿದವನು ಮಾರ್ಕೋ ಪೋಲೋ. ಅವನು ಹುಟ್ಟಿದ್ದು 1254ರಲ್ಲಿ. ಹುಲಗು ಖಾನನ ಮಂಗೋಲ್ ಸೈನ್ಯಕ್ಕೆ ಅಲಮೂತ್ ಶರಣಾದದ್ದು 1256ರಲ್ಲಿ. ಎರಡು ವರ್ಷದ ಮಗು ಕಂಡ ಸ್ವರ್ಗವೇ ಅದು? 'ಹಶೀಶಿ' ಎಂಬುದು ಹನ್ನೆರಡನೇ ಶತಮಾನದಲ್ಲಿ ಅವರನ್ನು ವಿರೋಧಿಸುತ್ತಿದ್ದ ಮುಸ್ಲಿಮರೇ ಬಳಸಿದ ಬೈಗುಳವಾಗಿತ್ತೆಂದೂ, ಅವರು ನಿಜಕ್ಕೂ ಮಾದಕ ವಸ್ತು ಸೇವಿಸುತ್ತಿದ್ದರೆಂಬುದಕ್ಕೆ ಪುರಾವೆಯಿಲ್ಲವೆಂದೂ ಫರ್ಹಾದ್ ದಫ್ತರಿಯಂತಹ ವಿದ್ವಾಂಸರು ತೋರಿಸಿದ್ದಾರೆ. ನಮ್ಮವರ ಬೈಗುಳ ಶಿಲುಬೆ ಯೋಧರ ಕಿವಿಗೆ ಬಿತ್ತು. ಯುರೋಪು ಅದಕ್ಕೆ ಕಥೆ ಕಟ್ಟಿತು. 1938ರಲ್ಲಿ ಸ್ಲೊವೇನಿಯಾದ ಲೇಖಕ ವ್ಲಾದಿಮಿರ್ ಬಾರ್ತೊಲ್ ಆ ಕಥೆಯಿಂದ 'ಅಲಮೂತ್' ಎಂಬ ಕಾದಂಬರಿ ಬರೆದನು. ಆ ಕಾದಂಬರಿಯಿಂದ ಸ್ಫೂರ್ತಿ ಪಡೆದು ಆಟ ಸಿದ್ಧವಾಯಿತು.

ಇಸ್ಮಾಯೀಲಿಗಳು ತಮ್ಮ ಬಗ್ಗೆ ತಾವೇ ಬರೆದದ್ದೇನಾಯಿತು? ಅಲಮೂತ್‌ನಲ್ಲಿ ಹೆಸರಾಂತ ಗ್ರಂಥಾಲಯವಿತ್ತು. ಖಗೋಳ ವಿಜ್ಞಾನಿ ನಸೀರುದ್ದೀನ್ ತೂಸಿ ವರ್ಷಗಟ್ಟಲೆ ಈ ಕೋಟೆಗಳಲ್ಲೇ ಇದ್ದು ಗ್ರಂಥಗಳನ್ನು ರಚಿಸಿದರು. ಕೋಟೆ ಬಿದ್ದಾಗ ಹುಲಗುವಿನ ಜೊತೆಗಿದ್ದ ಇತಿಹಾಸಕಾರ ಅತಾ ಮಲಿಕ್ ಜುವೈನಿ ಕುರ್‌ಆನ್ ಪ್ರತಿಗಳು, ಕೆಲವು ಪುಸ್ತಕಗಳು ಹಾಗೂ ಖಗೋಳ ಉಪಕರಣಗಳನ್ನು ಆರಿಸಿಕೊಂಡು ಉಳಿದುದನ್ನು ಬೆಂಕಿಗೆ ಹಾಕಿಸಿದನು. ಇದನ್ನು ಅವನೇ ಬರೆದುಕೊಂಡಿದ್ದಾನೆ. ಹೀಗೆ ಒಂದು ಸಮುದಾಯದ ಗ್ರಂಥಗಳು ಸುಟ್ಟುಹೋದವು, ವಿರೋಧಿಗಳ ಬೈಗುಳ ಉಳಿಯಿತು. ಎಂಟು ಶತಮಾನಗಳ ಬಳಿಕ ಅದೇ ಬೈಗುಳ ಆಟದ ಡಬ್ಬಿಯ ಮೇಲೆ ದೊಡ್ಡಕ್ಷರಗಳಲ್ಲಿ ಮುದ್ರಣವಾಯಿತು.

ಆ ಪಂಗಡದವರು ಇಂದಿಗೂ ಇದ್ದಾರೆ. ಆಗಾ ಖಾನರನ್ನು ಇಮಾಮರೆಂದು ಸ್ವೀಕರಿಸಿದವರು ಅವರೇ. ದಿಲ್ಲಿಯ ಹುಮಾಯೂನ್ ಗೋರಿಯ ಜೀರ್ಣೋದ್ಧಾರವನ್ನು 2013ರಲ್ಲಿ ಪೂರ್ತಿಗೊಳಿಸಿದ್ದು ಆಗಾ ಖಾನರ ಸಂಸ್ಥೆ. ಅವರ ನಂಬಿಕೆಗಳ ಬಗ್ಗೆ ಇತರ ಮುಸ್ಲಿಮರಿಗೆ ಭಿನ್ನಾಭಿಪ್ರಾಯವಿದೆ, ಅದು ಬೇರೆ ಮಾತು. ಆದರೆ ಭಿನ್ನಾಭಿಪ್ರಾಯ ಬೇರೆ, ಸುಳ್ಳು ಹೆಸರು ಬೇರೆ. ಇಡೀ ಸಮುದಾಯಕ್ಕೆ ಒಂದು ಕೆಟ್ಟ ಹೆಸರು ಅಂಟಿದರೆ ಆಗುವ ನೋವು ಇಂದಿನ ದಿನಗಳಲ್ಲಿ ನಮಗೆ ಗೊತ್ತಿಲ್ಲದ್ದೇನಲ್ಲ.

ಆಟದ ಇನ್ನೊಂದು ದೋಷವೂ ಇಲ್ಲಿಗೇ ಸೇರುತ್ತದೆ. ಅದರ ಪ್ರಕಾರ ಜಗತ್ತಿನ ದೊಡ್ಡ ಘಟನೆಗಳ ಹಿಂದೆಲ್ಲ ಎರಡು ಗುಪ್ತ ಸಂಘಗಳ ಸಂಚಿದೆ. ಕಥೆಗೆ ಇದು ರೋಚಕ. ಆದರೆ ಪ್ರತಿಯೊಂದು ಘಟನೆಯ ಹಿಂದೆ ಯಾವುದೋ ಸಮುದಾಯದ ಸಂಚನ್ನು ಹುಡುಕುವ ಚಾಳಿ ನಮ್ಮ ಸಮಾಜದಲ್ಲಿ ಈಗಾಗಲೇ ಸಾಕಷ್ಟಿದೆ. ಆಟವೂ ಅದನ್ನೇ ಕಲಿಸಬೇಕೆ?

ನಮ್ಮ ಊರಿನ 1791

ಈಗ ಆರಂಭದ ಪ್ರಶ್ನೆಗೆ ಬರೋಣ. ಆಟದ 1191ರಿಂದ ಸರಿಯಾಗಿ 600 ವರ್ಷಗಳ ಬಳಿಕ, ಮೂರನೇ ಮೈಸೂರು ಯುದ್ಧದಲ್ಲಿ, ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಕೋಲಾರ, ಹೊಸಕೋಟೆಗಳನ್ನು ಹಿಡಿದು ಪೂರ್ವ ದಿಕ್ಕಿನಿಂದ ಬೆಂಗಳೂರಿಗೆ ಬಂತು. ಮಾರ್ಚ್ 7ರಂದು ಪೇಟೆಯ ಹೆಬ್ಬಾಗಿಲನ್ನು ಒಡೆದು ಒಳನುಗ್ಗಿತು. ಬ್ರಿಟಿಷರ ಕರ್ನಲ್ ಮೂರ್‌ಹೌಸ್ ಅಲ್ಲಿ ಸತ್ತನು. ಮಾರ್ಚ್ 21ರ ರಾತ್ರಿ ಕೋಟೆ ಬಿತ್ತು. ಟಿಪ್ಪು ಸುಲ್ತಾನರ ಕಿಲ್ಲೇದಾರ್ ಬಹಾದ್ದೂರ್ ಖಾನ್ ಕೊನೆಯವರೆಗೂ ಹೋರಾಡಿ ಅಲ್ಲೇ ಮಡಿದರು. ಇದು ಹಿಂದೂ-ಮುಸ್ಲಿಮ್ ಯುದ್ಧವಾಗಿರಲಿಲ್ಲ. ಹೈದರಾಬಾದಿನ ನಿಝಾಮರೂ ಪುಣೆಯ ಪೇಶ್ವೆಯೂ ಬ್ರಿಟಿಷರ ಮಿತ್ರರಾಗಿದ್ದರು.

ಈ ಯುದ್ಧದ ನೆನಪು ನಮ್ಮ ನಗರದಲ್ಲಿ ಹೇಗೆ ಉಳಿದಿದೆ? ಮೂರ್‌ಹೌಸ್‌ನ ಸಾವನ್ನು ಸೈನ್ಯದ ಜೊತೆಗಿದ್ದ ಕಲಾವಿದ ರಾಬರ್ಟ್ ಹೋಮ್ ದೊಡ್ಡ ಚಿತ್ರವಾಗಿ ಬರೆದನು. ಮಡಿದ ಬ್ರಿಟಿಷರಿಗಾಗಿ ಎತ್ತರದ ಸ್ಮಾರಕ ಕಟ್ಟಲಾಯಿತು. ಹಡ್ಸನ್ ವೃತ್ತದಲ್ಲಿದ್ದ ಅದನ್ನು 1964ರಲ್ಲಿ ಕೆಡವಲಾಯಿತು. ಕೋಟೆಯ ಗೋಡೆಯಲ್ಲಿರುವ ಕಲ್ಲು, ಬ್ರಿಟಿಷರ ದಾಳಿ ಯಾವ ಬಿರುಕಿನಿಂದ ನಡೆಯಿತೆಂದು ತಿಳಿಸುತ್ತದೆ. ಆ ಬಿರುಕಿನಲ್ಲಿ ಎದೆಯೊಡ್ಡಿ ನಿಂತವರು ಯಾರೆಂದು ಅದು ಹೇಳುವುದಿಲ್ಲ. ಕಿಲ್ಲೇದಾರರ ಶೌರ್ಯವೂ ನಮಗೆ ತಿಳಿದದ್ದು ಬಹುಮಟ್ಟಿಗೆ ಶತ್ರುಸೈನ್ಯದ ಅಧಿಕಾರಿಗಳು ಮೆಚ್ಚಿ ಬರೆದುದರಿಂದ. ಪೇಟೆಯ ಹೆಬ್ಬಾಗಿಲುಗಳೂ ಉಳಿದಿಲ್ಲ. 'ಹಲಸೂರು ಗೇಟ್' ಎಂಬ ಹೆಸರು ಮಾತ್ರ ಪೊಲೀಸ್ ಠಾಣೆಯ ಫಲಕದಲ್ಲಿದೆ.

ಅಲಮೂತ್‌ನಲ್ಲಿ ಆದದ್ದೇ ಬೇರೆ ರೀತಿಯಲ್ಲಿ ಇಲ್ಲಿಯೂ ಆಗಿದೆ. ಗೆದ್ದವರು ಬರೆದರು, ಸೋತವರ ಮನೆಯವರು ಮರೆತರು.

ಈ ಸರಣಿಯು ಒಮ್ಮೆ ಭಾರತಕ್ಕೂ ಬಂದಿತ್ತು. 2016ರ ಆ ಕಿರು ಆಟದ ಕಥೆ 1841ರ ಸಿಖ್ ರಾಜ್ಯದ್ದು, ನಾಯಕ ಅರ್ಬಾಜ್ ಮೀರ್. ದಕ್ಷಿಣದ ಕಡೆ ಅದು ತಿರುಗಿ ನೋಡಲಿಲ್ಲ. ಬರಲಿ ಎಂದು ಕಾಯಬೇಕಾದ ಅಗತ್ಯವೂ ಇಲ್ಲ. ಧ್ರುವ ಇಂಟರ್‌ಆ್ಯಕ್ಟಿವ್ ಕಂಪೆನಿ ಬೆಂಗಳೂರಿನಲ್ಲಿ ಆರಂಭವಾದದ್ದು 1997ರಲ್ಲಿ. ಅದನ್ನು 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಖರೀದಿಸಿತು. ಅಂದರೆ ಹೊರದೇಶಗಳ ಆಟಗಳಿಗೆ ಬೀದಿ, ಕಟ್ಟಡ, ವಾಹನಗಳನ್ನು ಚಿತ್ರಿಸಿಕೊಡುವ ಕೈಗಳು ಈ ನಗರದಲ್ಲೇ ಇವೆ. ಆ ಕೈಗಳು ಬೆಂಗಳೂರಿನ ಪೇಟೆಯನ್ನು ಕಟ್ಟಲಾರವೇ?

ಕಟ್ಟುವುದಾದರೆ ಒಂದು ಎಚ್ಚರಿಕೆ ಇರಲಿ. ಟಿಪ್ಪುವಿನ ಹೆಸರೆತ್ತಿದರೆ ಜಗಳ ಶುರುವಾಗುವ ಕಾಲವಿದು. ಬೈದವರಿಗೆ ಉತ್ತರವೆಂದು ಬರೀ ಹೊಗಳಿಕೆಯ ಕಥೆ ಕಟ್ಟಿದರೆ ಅದೂ ಇತಿಹಾಸವಾಗದು. ಮೈಸೂರಿನ ಆಸ್ಥಾನವನ್ನು ಹತ್ತಿರದಿಂದ ಕಂಡ ಕಿರ್ಮಾನಿಯ ಪಾರ್ಸಿ ಗ್ರಂಥವನ್ನೂ ಓದಬೇಕು, ಬ್ರಿಟಿಷ್ ಅಧಿಕಾರಿಗಳ ಬರಹವನ್ನೂ ಓದಬೇಕು, ಎರಡನ್ನೂ ಪ್ರಶ್ನಿಸಬೇಕು.

ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ಮಗನ ಕೈಯಿಂದ ಆಟವನ್ನು ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ಕುಳಿತು 'ಈ ಕಥೆಯನ್ನು ಬರೆದವರು ಯಾರು? ಇವರಿಗೆ ಈ ಹೆಸರಿಟ್ಟವರು ಯಾರು?' ಎಂದು ಕೇಳಿ. ಒಂದು ಭಾನುವಾರ ಮೆಟ್ರೋ ಹತ್ತಿಸಿ ಕೃಷ್ಣರಾಜ ಮಾರುಕಟ್ಟೆಯ ಬಳಿಯ ಕೋಟೆಗೆ ಕರೆದುಕೊಂಡು ಹೋಗಿ, ಆ ಕಲ್ಲಿನ ಮುಂದೆ ನಿಲ್ಲಿಸಿ. ಅದರ ಮೇಲೆ ಇಲ್ಲದ ಹೆಸರುಗಳನ್ನು ಕೇಳುವ ಮಗು ಇತಿಹಾಸದ ವಿದ್ಯಾರ್ಥಿಯಾಯಿತೆಂದೇ ಅರ್ಥ.