ರಾಕ್ಷಸನೆಂಬ ಹೆಸರು: ಜೈನ ರಾಮಕಥೆಯ ರಾವಣ

ಪುರಾತನ ವೀರಕಥೆಗಳನ್ನು ಗೆದ್ದವರ ಪಕ್ಷದಿಂದ ಹೇಳುವುದು ರೂಢಿ. ಸೋತವನು ವಿಕಾರರೂಪಿಯಾದ ದೈತ್ಯನೆಂದಾದ ಮೇಲೆ ಅವನ ಮನಸ್ಸನ್ನು ವಿಚಾರಿಸುವ ಅಗತ್ಯವೇ ಉಳಿಯದು. ಜೈನ ಕವಿಗಳು ಈ ರೂಢಿಯನ್ನು ಒಪ್ಪಲಿಲ್ಲ.

ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ವು ಸಂದೇಹದಿಂದಲೇ ತೊಡಗುತ್ತದೆ. ಮಹಾಬಲರಾದ ರಾಕ್ಷಸರನ್ನು ಕಪಿಗಳು ಕೊಂದುದೆಂತು, ಕುಂಭಕರ್ಣನು ಆರು ತಿಂಗಳು ನಿದ್ರಿಸಿದನೆಂಬುದು ನಿಜವೇ ಎಂದು ಶ್ರೇಣಿಕ ಮಹಾರಾಜನು ಗೌತಮ ಗಣಧರರಲ್ಲಿ ವಿಚಾರಿಸುತ್ತಾನೆ. ರಾವಣನು ನರಭಕ್ಷಕನಲ್ಲ, ವಿದ್ಯಾಧರ ವಂಶದ ಅರಸನೆಂಬುದು ಅವರ ಉತ್ತರದ ಸಾರ. ದ್ವೀಪವನ್ನು ರಕ್ಷಿಸಿದವರಾದುದರಿಂದ ಆ ವಂಶಕ್ಕೆ ರಾಕ್ಷಸರೆಂಬ ಹೆಸರು ಬಂದಿತು. ಶಿಶುವಾಗಿದ್ದಾಗ ಕೈಗೆತ್ತಿಕೊಂಡ ಹಾರದ ರತ್ನಗಳಲ್ಲಿ ಅವನ ಮುಖದ ಒಂಬತ್ತು ಪ್ರತಿಬಿಂಬಗಳು ಕಂಡುದರಿಂದ ಅವನು ದಶಮುಖನಾದನು. ಕ್ರಿ.ಶ. 677ರ ಸುಮಾರಿಗೆ ರವಿಷೇಣಾಚಾರ್ಯರು ಸಂಸ್ಕೃತ ‘ಪದ್ಮಪುರಾಣ’ದ 123 ಪರ್ವಗಳಲ್ಲಿ ಈ ಪರಂಪರೆಯನ್ನೇ ವಿಸ್ತರಿಸಿದರು.

ಹಾಗೆಂದು ರಾವಣನನ್ನು ಈ ಕವಿಗಳು ನಿರ್ದೋಷಿಯೆಂದು ಸಾರಿದರೆಂದು ತಿಳಿಯಲಾಗದು. ಒಲ್ಲದ ಸ್ತ್ರೀಯನ್ನು ಬಲಾತ್ಕರಿಸೆನೆಂದು ಅವನು ಅನಂತವೀರ್ಯ ಕೇವಲಿಗಳ ಸನ್ನಿಧಿಯಲ್ಲಿ ವ್ರತ ತೊಟ್ಟಿದ್ದನು. ಸೀತೆಯನ್ನು ಅಪಹರಿಸಿದ ಮೇಲೆಯೂ ಆ ವ್ರತವನ್ನು ಮುರಿಯಲಿಲ್ಲ. ಆದರೆ ಅಪಹರಣವೆಂಬ ಪಾಪವು ಅದರಿಂದ ಅಳಿಯಲೂ ಇಲ್ಲ.

ಕನ್ನಡದಲ್ಲಿ ಈ ಅಂತರಂಗವನ್ನು ತೆರೆದು ತೋರಿಸಿದವನು ‘ರಾಮಚಂದ್ರಚರಿತ ಪುರಾಣ’ದ ಕವಿ ನಾಗಚಂದ್ರ. ಬಹುರೂಪಿಣಿ ವಿದ್ಯೆಯನ್ನು ಸಾಧಿಸಿ ಬಂದ ರಾವಣನ ಮಾತು ಕೇಳಿ ಸೀತೆ ಮೂರ್ಛೆ ಹೋಗುತ್ತಾಳೆ. ಆಗ ಅವನ ಮೋಹ ಕಳಚುತ್ತದೆ, ಪಶ್ಚಾತ್ತಾಪ ಹುಟ್ಟುತ್ತದೆ. ಆದರೆ ಈಗಲೇ ಒಪ್ಪಿಸಿದರೆ ಲೋಕವು ಹೇಡಿಯೆಂದೀತೆಂಬ ಅಭಿಮಾನ ಅಡ್ಡಬರುತ್ತದೆ. ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದು ಅನಂತರ ಸೀತೆಯನ್ನು ಒಪ್ಪಿಸುವೆನೆಂದು ನಿಶ್ಚಯಿಸುತ್ತಾನೆ. ಕಾಮವನ್ನು ಗೆದ್ದವನು ಮಾನಕಷಾಯಕ್ಕೆ ಸೋತನು. ಅವನೇ ಪ್ರಯೋಗಿಸಿದ ಚಕ್ರರತ್ನವು ಲಕ್ಷ್ಮಣನ ಕೈಸೇರಿ ಅವನನ್ನು ಸಂಹರಿಸಿತು. ಬಿ.ಎಂ.ಶ್ರೀ. ಅವರು ಈ ರಾವಣನನ್ನು ದುರಂತ ನಾಯಕನೆಂದು ಗುರುತಿಸಿದುದು ಸಹೃದಯರಿಗೆ ವಿದಿತವೇ ಆಗಿದೆ.

ಕೊಂದ ಲಕ್ಷ್ಮಣನೂ ಮಡಿದ ರಾವಣನೂ ಇಬ್ಬರೂ ನರಕಕ್ಕೆ ಇಳಿದರೆಂದು ಜೈನ ಪುರಾಣಗಳು ಹೇಳುತ್ತವೆ. ಅದೇ ರಾವಣನ ಜೀವವು ಮುಂದೆ ತೀರ್ಥಂಕರ ಪದವಿಗೇರುವುದೆಂಬ ನಂಬಿಕೆಯೂ ಪರಂಪರೆಯಲ್ಲಿದೆ. ಕರ್ಮಸಿದ್ಧಾಂತಕ್ಕೆ ಹುಟ್ಟು ರಾಕ್ಷಸನೆಂಬವನಿಲ್ಲ. ಬಂಧಕ್ಕೊಳಗಾದ ಜೀವವಿದೆ, ಅದಕ್ಕೆ ಬಿಡುಗಡೆಯೂ ಇದೆ. ಆದುದರಿಂದ ಓಲೆಗರಿಗಳಲ್ಲಿ ‘ರಾಕ್ಷಸ’ ಶಬ್ದವನ್ನು ಕಂಡಾಗ ಸಂಪಾದಕನು ಲೋಕರೂಢಿಯ ಅರ್ಥವನ್ನು ಅವಸರದಿಂದ ಬರೆದಿಡಬಾರದು. ಆ ಒಂದು ಅರ್ಥದಿಂದ ಒಬ್ಬ ಮನುಷ್ಯನ ಕಥೆಯೇ ಮರೆಯಾದೀತು.