ಪುಣೆಯ ಆ ವಿಭಾಗ, ನಮ್ಮೂರಿನ ‘ಐತಿ’

ಎಂಜಿನಿಯರಿಂಗ್ ಕಾಲೇಜಿನ ಹಳೆ ವಿದ್ಯಾರ್ಥಿಗಳ ಸುದ್ದಿ ಹೇಗಿರುತ್ತೆ ಅಂತ ನಿಮಗೂ ಗೊತ್ತು. ಯಾರಿಗೆ ಎಷ್ಟು ಪ್ಯಾಕೇಜು, ಯಾರು ಯಾವ ದೇಶಕ್ಕೆ ಹಾರಿದರು, ಅಷ್ಟೇ. ನಾನು ಓದಿದ್ದು ಬಿಇ, ಭಾಷಾವಿಜ್ಞಾನದ ಕ್ಲಾಸಿನ ಮೆಟ್ಟಿಲು ಹತ್ತಿದವನಲ್ಲ. ಆದರೂ ಒಂದು ವಿಭಾಗದ ಹಳೆ ವಿದ್ಯಾರ್ಥಿಗಳ ಸುದ್ದಿಯನ್ನು ಹುಡುಕಿ ಹುಡುಕಿ ಓದಿದ್ದೇನೆ. ಅದು ಪುಣೆಯ ಯರವಡಾದಲ್ಲಿರುವ ಡೆಕ್ಕನ್ ಕಾಲೇಜಿನ ಭಾಷಾವಿಜ್ಞಾನ ವಿಭಾಗ.

1821ರಲ್ಲಿ ಹುಟ್ಟಿದ ಕಾಲೇಜು ಅದು. 1934ರಲ್ಲಿ ಸರ್ಕಾರ ಬಾಗಿಲು ಹಾಕಿತು. 1939ರಲ್ಲಿ ಸಂಶೋಧನಾ ಸಂಸ್ಥೆಯಾಗಿ ಮತ್ತೆ ತೆರೆಯಿತು. ಅಲ್ಲಿ ಪಿಎಚ್‌ಡಿ ಪ್ರಬಂಧಗಳ ಒಂದು ಪುಸ್ತಕಮಾಲೆ ಶುರುವಾಯಿತು ನೋಡಿ, ಅದರ ಮೊದಲನೇ ಪುಸ್ತಕವೇ ಕನ್ನಡದ್ದು! ಜಿ.ಎಸ್. ಗಾಯಿ ಅವರು ಶಾಸನಗಳನ್ನು ಆಧರಿಸಿ ಬರೆದ ಹಳಗನ್ನಡದ ಚಾರಿತ್ರಿಕ ವ್ಯಾಕರಣ, 1946ರದ್ದು. ಮರಾಠಿ ನೆಲದಲ್ಲಿ ನಿಂತು ಕನ್ನಡದಿಂದ ಲೆಕ್ಕ ಶುರುಮಾಡಿದ್ದಾರೆ ಅನ್ನೋದು ನನಗೆ ಈಗಲೂ ಖುಷಿ ಕೊಡುತ್ತೆ.

ಐವತ್ತರ ದಶಕದಲ್ಲಿ ನಿರ್ದೇಶಕರಾಗಿದ್ದವರು ಎಸ್.ಎಂ. ಕತ್ರೆ. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ದುಡ್ಡು ಬಂತು, ಬೇಸಿಗೆ ಶಾಲೆಗಳು ನಡೆದವು. ಪಂಡಿತರು ಗ್ರಂಥ ನೋಡಿ ಹೇಳುತ್ತಿದ್ದ ವ್ಯಾಕರಣದ ಪಕ್ಕದಲ್ಲಿ, ಜನರ ಬಾಯಿ ನೋಡಿ ಬರೆದುಕೊಳ್ಳುವ ವ್ಯಾಕರಣ ಬಂದು ಕೂತಿತು. ಬಿಳಿಗಿರಿಯವರು ಪೂರ್ವಭಾರತದ ಖಾರಿಯಾ ಭಾಷೆ ಹಿಡಿದು ಕೂತರು. ಅವರ ಪುಸ್ತಕ ಬಂದದ್ದು 1965ರಲ್ಲಿ. ಬೆಳಗಾವಿಯಲ್ಲಿ ಇಂಗ್ಲಿಷ್ ಪಾಠ ಮಾಡಿದ್ದ ಎ.ಕೆ. ರಾಮಾನುಜನ್ ಕೂಡ 1958ರ ಹೊತ್ತಿಗೆ ಇಲ್ಲಿ ವಿದ್ಯಾರ್ಥಿಯಾಗಿದ್ದರು. ಮಾರನೇ ವರ್ಷ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು, 1963ರಲ್ಲಿ ಅಲ್ಲೇ ಡಾಕ್ಟರೇಟು. ನಾವು ಅವರನ್ನು ಕವಿ ಅಂತ ನೆನೀತೀವಿ, ಆದರೆ ಆ ಪದವಿ ಬಂದದ್ದು ಕನ್ನಡ ವ್ಯಾಕರಣದ ಮೇಲೆ.

ನನ್ನನ್ನು ಹಿಡಿದು ನಿಲ್ಲಿಸಿದವರು ಮಾತ್ರ ಹೊರಗಿನಿಂದ ಬಂದ ವಿಲಿಯಂ ಬ್ರೈಟ್. ಬರ್ಕ್ಲಿಯಲ್ಲಿ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಕರೋಕ್ ಭಾಷೆಯ ಮೇಲೆ ಪಿಎಚ್‌ಡಿ ಮುಗಿಸಿ, 1955ರಲ್ಲಿ ಇಂಡಿಯಾಕ್ಕೆ ಬಂದರು. ಅವರು ಬರೆದ ಆಡುಗನ್ನಡದ ರೂಪರೇಖೆಯನ್ನು ಡೆಕ್ಕನ್ ಕಾಲೇಜು 1958ರಲ್ಲಿ ಅಚ್ಚು ಹಾಕಿತು. ಗಮನಿಸಿ, ಆಡುಗನ್ನಡ! ಆಮೇಲೆ ಅವರು ಜಾತಿಗೂ ಮಾತಿಗೂ ಇರುವ ನಂಟಿನ ಬೆನ್ನು ಹತ್ತಿದರು. ಬ್ರಾಹ್ಮಣರ ಮನೆಯ ‘ಹಾಲು’ ಒಕ್ಕಲಿಗರ ಮನೆಯಲ್ಲಿ ‘ಆಲು’ ಯಾಕಾಗುತ್ತೆ? ಅವರು ಎರಡರ ಮಾತನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿದರು. ಎರಡೂ ಬದಲಾಗಿವೆ, ಬದಲಾದ ದಾರಿ ಬೇರೆ ಅಷ್ಟೇ ಅಂದರು. ಒಂದು ಕಡೆ ಹೊರಗಿನ ಪದಗಳೂ ಅವುಗಳ ಜೊತೆ ಹೊರಗಿನ ಧ್ವನಿಗಳೂ ಬಂದವು. ಇನ್ನೊಂದು ಕಡೆ ಧ್ವನಿಗಳು ಒಳಗಿಂದಲೇ ಸವೆದವು.

ಅದೇ ಹೊತ್ತಿಗೆ ವಿಲಿಯಂ ಮೆಕಾರ್ಮಕ್ ಧಾರವಾಡದ ಮಾತನ್ನು ಇದೇ ಥರ ನೋಡಿದ್ದರು. ಎರಡೂ ಊರಿನ ಲೆಕ್ಕವನ್ನು ಪಕ್ಕಪಕ್ಕ ಇಟ್ಟ ಪಟ್ಟಿಯೊಂದು ಪೀಟರ್ ಟ್ರಡ್‌ಗಿಲ್ಲರ ಸಮಾಜಭಾಷಾವಿಜ್ಞಾನದ ಪಠ್ಯಪುಸ್ತಕದಲ್ಲಿದೆ. ಬೆಂಗಳೂರಿನ ಬ್ರಾಹ್ಮಣರ ‘ಇದೆ’ ಧಾರವಾಡದ ಬ್ರಾಹ್ಮಣರಲ್ಲಿ ‘ಅದ’. ಉಳಿದವರಿಗೆ? ಎರಡೂ ಊರಲ್ಲಿ ‘ಐತಿ’. ‘ಕುಂತ’ ಎರಡೂ ಕಡೆ, ‘ಮಾಡಾಕ’ದ ‘ಆಕ್’ ಎರಡೂ ಕಡೆ. ನಡುವೆ 400 ಕಿ.ಮೀ. ದಾರಿ ಇದೆ ಸ್ವಾಮಿ! ಒಂದೇ ಊರಿನ ಎರಡು ಕೇರಿಗಳ ನಡುವಿನ ದೂರ ಅದಕ್ಕಿಂತ ಹೆಚ್ಚಾಗಿತ್ತು.

ಇದು ನನಗ್ಯಾಕೆ ಇಷ್ಟು ತಾಗಿತು ಅಂದ್ರೆ, ಹಿಂದೆ ಒಂದು ಕಂಪನಿಯಲ್ಲಿ ಕನ್ನಡದ ಮಾತು ಕೇಳಿ ಬರಹ ಮಾಡುವ ತಂತ್ರಾಂಶದ ಕೆಲಸದಲ್ಲಿದ್ದೆ. ಧ್ವನಿಮುದ್ರಣದಲ್ಲಿ ‘ಐತಿ’ ಬಂದರೆ ‘ಇದೆ’ ಅಂತ ತಿದ್ದಿ ಟೈಪು ಮಾಡಬೇಕು, ‘ಕುಂತಾರ’ ಬಂದರೆ ದೋಷ ಅಂತ ಗುರುತು ಹಾಕಬೇಕು ಅನ್ನೋದು ಅಲ್ಲಿನ ನಿಯಮ. ನಮ್ಮವ್ವ ದಿನಾ ಆಡೋ ಮಾತಿಗೆ ನಾನೇ ಕೆಂಪು ಗುರುತು ಹಾಕಬೇಕು! ಆ ಪಟ್ಟಿಯನ್ನು ಲಗತ್ತಿಸಿ ಟಿಕೆಟ್ ಎತ್ತಿದೆ. ಮೂರು ವಾರದ ಮೇಲೆ ‘ಆದ್ಯತೆ ಕಡಿಮೆ’ ಅಂತ ಮುಚ್ಚಿದರು. 1960ರಲ್ಲೇ ಅಚ್ಚಾದ ವಿಚಾರಕ್ಕೆ ಈ ಗತಿ.

ಈ ಇಲಾಖೆಯ ಇನ್ನೊಬ್ಬರನ್ನು ಬಿಟ್ಟರೆ ಪಟ್ಟಿ ಅರ್ಧವಾಗುತ್ತೆ. ಪುತ್ತೂರು ಸೀಮೆಯ ಡಿ.ಎನ್. ಶಂಕರ ಭಟ್ಟರು ಸಂಸ್ಕೃತ ಓದಿ ಇಲ್ಲಿಗೆ ಬಂದವರು, ಆಮೇಲೆ ಇಲ್ಲೇ ಪಾಠ ಮಾಡಿದರು. ತುಳುವಿನ ವಿವರಣೆ 1967ರಲ್ಲಿ, ಮಾರನೇ ವರ್ಷ ಅಸ್ಸಾಮಿನ ಬೋಡೊ ಪದಕೋಶ, 1971ರಲ್ಲಿ ಕೊರಗ ಭಾಷೆ. ಅದೇ ವರ್ಷ ತಮ್ಮ ಮನೆಮಾತು ಹವ್ಯಕದ ವ್ಯಾಕರಣ. ಕೊರಗರ ಮಾತಿಗೂ ಹವ್ಯಕರ ಮಾತಿಗೂ ಒಂದೇ ಅಳತೆಗೋಲು ಹಿಡಿದದ್ದು ಸಣ್ಣ ಸಂಗತಿಯಲ್ಲ. 2000ದಲ್ಲಿ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಬರೆದಾಗ, ನಮ್ಮ ಶಾಲೆಯ ವ್ಯಾಕರಣ ಸಂಸ್ಕೃತದ ಅಂಗಿಯನ್ನು ಕನ್ನಡಕ್ಕೆ ತೊಡಿಸಿದೆ ಅಂತ ಜಗಳಕ್ಕೇ ನಿಂತರು. ಆಮೇಲೆ ಮಹಾಪ್ರಾಣಗಳನ್ನೇ ಕೈಬಿಟ್ಟು ಬರೆದರು. ಆ ಬರಹ ಓದೋಕೆ ನನಗೆ ಇವತ್ತಿಗೂ ತಿಣುಕಾಟವೇ, ಅದನ್ನು ಪೂರ್ತಿ ಒಪ್ಪಿಯೂ ಇಲ್ಲ. ಆದರೆ ಮಹಾಪ್ರಾಣ ಬರೋದಿಲ್ಲ ಅಂತ ಶಾಲೆಯಲ್ಲಿ ಬೆತ್ತದ ಏಟು ತಿಂದ ನನ್ನ ಗೆಳೆಯರಿಗೆ ಆ ಪುಸ್ತಕ ಕೊಟ್ಟಾಗ, ಯಾರೂ ವಾಪಸ್ ಕೊಟ್ಟಿಲ್ಲ. ಈಗ ನಾಲ್ಕನೇ ಪ್ರತಿ ಕೊಂಡಿಟ್ಟಿದ್ದೇನೆ.